ನಿಂತ ಹಿಂಡು

ಮೀನೇ ಇರಬೇಕು. ಮೀನಲ್ಲದೆ ಹೋದರೆ ನಡುಗಡಲಿನಲ್ಲಿ ಇಷ್ಟು ದಟ್ಟವಾಗಿ ಇನ್ನು ಯಾವುದು ಸದ್ದು ಮಾಡೀತು? ಆದರೆ ಮೀನು ಬೆಳಗಿನಿಂದ ಹೀಗೆ ಒಂದೇ ಸಮನೆ ತಿನ್ನುತ್ತದೆಯೆ? ಅದಕ್ಕೆ ದಣಿವಾಗುವುದಿಲ್ಲವೆ, ಹೊಟ್ಟೆ ತುಂಬುವುದಿಲ್ಲವೆ? ಅಂಚಿನಲ್ಲಿ ಯಾವುದೋ ಒಂದು ಬೆದರಿದರೆ ಉಳಿದವು ಒಂದು ಕ್ಷಣವಾದರೂ ಸುಮ್ಮನಾಗುವುದಿಲ್ಲವೆ? ಅಥವಾ ಬಹಳ ಹೊತ್ತು ಕೇಳಿ ಕೇಳಿ ತನ್ನ ಕಿವಿಯೇ ಮಂಕಾಗಿ, ಇಲ್ಲದ ಅನುಮಾನವನ್ನು ತಾನೇ ಹುಟ್ಟಿಸಿಕೊಳ್ಳುತ್ತಿರಬಹುದೆ?

ದಿನಕರ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. ಸದ್ದು ಅಲ್ಲಿಂದಲೂ ಸಣ್ಣಗೆ ಕೇಳಿಸುತ್ತಿತ್ತು. ಬಂಗುಡೆಯ ಹಿಂಡು ಮೇಯುವ ಸದ್ದು ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿದ ಹಾಗಿರುತ್ತದೆ. ಸಾವಿರಾರು ಸಣ್ಣ ಬಾಯಿಗಳು ಒಟ್ಟಿಗೆ ತೆರೆದು ಮುಚ್ಚುವ ಸದ್ದು ಅದು. ಅವನು ಅದನ್ನು ಓದಿನ ಕಾಲದಿಂದ ಕೇಳುತ್ತ ಬಂದವನು. ಈಗ ಪಡುವಣದಿಂದ, ಕಡಲ ಗಡಿಗೆರೆಯ ಆಚೆಯಿಂದ ಬರುತ್ತಿದ್ದ ಸದ್ದಿನಲ್ಲಿ ಯಾವ ತಪ್ಪೂ ಇರಲಿಲ್ಲ. ತಪ್ಪಿಲ್ಲದಿರುವುದೇ ಅವನಿಗೆ ಹಿಡಿಸಲಿಲ್ಲ.

ಕಡಲಿಗೆ ಚಾಚಿಕೊಂಡ ಗುಡ್ಡದ ತುದಿಯಲ್ಲಿದ್ದ ಆ ಕಟ್ಟಡಕ್ಕೆ ಸರಕಾರದವರು ಇಟ್ಟ ಹೆಸರು ಉದ್ದವಾಗಿತ್ತು. ಊರವರು ಅದನ್ನು ‘ಕಿವಿ ಆಫೀಸು’ ಎನ್ನುತ್ತಿದ್ದರು. ಕರಾವಳಿಯ ನೀರು ಕಾಯುತ್ತ ಹೋದಂತೆ ಬಂಗುಡೆ ತನ್ನ ಹಳೆಯ ದಾರಿ ಬಿಟ್ಟು ದೂರ ಸರಿದಿತ್ತು. ವರ್ಷದ ಸ್ವಲ್ಪ ಕಾಲ ನಮ್ಮ ನೀರಿನಲ್ಲಿ, ಸ್ವಲ್ಪ ಕಾಲ ಪಡುವಣದ ದ್ವೀಪದೇಶದ ನೀರಿನಲ್ಲಿ. ಎರಡೂ ದೇಶದ ದೋಣಿಗಳು ಅದರ ಬೆನ್ನು ಹತ್ತಿ ಗೆರೆ ದಾಟಿದವು. ದೋಣಿಗಳ ಜಪ್ತಿಯಾಯಿತು, ಜನ ಪರದೇಶದ ಜೈಲಿನಲ್ಲಿ ಕೊಳೆತರು. ಕೊನೆಗೆ ಒಂದು ಒಪ್ಪಂದವಾಯಿತು. ಎಣಿಕೆಯ ಕಾಲದಲ್ಲಿ ಹಿಂಡು ಯಾರ ನೀರಿನಲ್ಲಿ ಹೆಚ್ಚು ದಿನ ತಂಗುತ್ತದೆಯೋ ಆ ವರ್ಷ ಹಿಡಿಯುವ ಮೀನಿನಲ್ಲಿ ಅವರಿಗೆ ಹೆಚ್ಚು ಪಾಲು. ಇದಕ್ಕೆ ತಂಗುದಿನದ ಲೆಕ್ಕ ಎಂದು ಹೆಸರಾಯಿತು. ಲೆಕ್ಕ ಹಿಡಿಯಲು ಗೆರೆಯ ಎರಡೂ ಬದಿಗೆ ಕಡಲ ತಳದಲ್ಲಿ ಸದ್ದು ಕೇಳುವ ಕಂಬಗಳನ್ನು ನೆಟ್ಟರು. ಅವೇ ಕಿವಿಗೂಟಗಳು. ಎರಡೂ ದೇಶದ ಎಣಿಕೆಗಳನ್ನು ಕೂಡಿಸಿ ಪಾಲು ಹಾಕುತ್ತಿದ್ದರು.

ಕಿವಿಗೂಟಗಳ ಜೊತೆ ಇನ್ನೊಂದು ಸಾಧನವೂ ಇತ್ತು. ಮಳೆಗಾಲದ ಕೊನೆಗೆ ತಳದಿಂದ ಉಸಿರಿಲ್ಲದ ನೀರು ಮೇಲೇಳುತ್ತದೆ. ಆಮ್ಲಜನಕ ಬತ್ತಿದ ಆ ನೀರನ್ನು ದೋಣಿಯವರು ‘ಸತ್ತ ನೀರು’ ಎನ್ನುತ್ತಾರೆ. ಅದರಲ್ಲಿ ಸಿಕ್ಕಿಕೊಂಡ ಹಿಂಡು ಉಳಿಯುವುದಿಲ್ಲ. ಹಿಂಡನ್ನು ಅದರಿಂದ ಆಚೆಗೆ ಕರೆದುಕೊಂಡು ಹೋಗಲೆಂದೇ ತೇಲುಬುರುಡೆಗಳನ್ನು ಮಾಡಿದ್ದರು. ಮೇಯುವ ಹಿಂಡಿನ ಸದ್ದನ್ನು ಅವು ನೀರಿನೊಳಗೆ ನುಡಿಸುತ್ತಿದ್ದವು. ಅಲ್ಲಿ ತಿನ್ನಲು ಇದೆಯೆಂದು ನಂಬಿ ಬಂಗುಡೆ ಹಿಂಬಾಲಿಸುತ್ತಿತ್ತು. ಅವಕ್ಕೆ ಕರೆಬುರುಡೆ ಎಂದು ಹೆಸರು ಬಿತ್ತು. ನಮ್ಮ ಕರೆಬುರುಡೆಯಲ್ಲಿದ್ದ ಸದ್ದು ದಿನಕರನ ಊರು ಪಡುಕೋಡಿಯ ಎದುರಿನ ಕಡಲಿನಲ್ಲಿ ಎಂದೋ ಹಿಡಿದದ್ದು. ಆ ಹಿಂಡನ್ನು ಅದೇ ಸಂಜೆ ಬಲೆ ಸುತ್ತಿ ಎಳೆದು, ಹಂಚಿ, ಬೇಯಿಸಿ ತಿಂದಾಗಿತ್ತು. ಅದು ಮೇಯುವ ಸದ್ದು ಮಾತ್ರ ಉಳಿದಿತ್ತು.

ಎಣಿಕೆಯ ಕಾಲದಲ್ಲಿ ಎರಡೂ ದೇಶದವರು ಕರೆಬುರುಡೆ ಆರಿಸಬೇಕೆಂಬುದು ಒಪ್ಪಂದದ ಷರತ್ತು. ಆರಿಸಿದ್ದಾರೋ ಇಲ್ಲವೋ ನೋಡುವವರು ಯಾರು ಎಂಬ ಪ್ರಶ್ನೆ ಬಂದಾಗ ಎರಡೂ ಕಡೆಯ ಅಧಿಕಾರಿಗಳು ಪರಸ್ಪರ ವಿಶ್ವಾಸ ಎಂದು ಬರೆದು ಚಹಾ ಕುಡಿದಿದ್ದರು.

ನಮ್ಮ ಕರೆಬುರುಡೆ ಆರಿರಲಿಲ್ಲ.

ಅದರ ಸದ್ದು ದಿನಕರನಿಗೆ ಹೆಡ್‌ಫೋನಿನಲ್ಲಿ ಕೇಳುತ್ತಿರಲಿಲ್ಲ. ಪ್ರತಿ ದೇಶದ ಕರೆಯಲ್ಲೂ ಮನುಷ್ಯರ ಕಿವಿಗೆ ಸಿಗದ ಒಂದು ಗುರುತು ಇತ್ತು. ಆ ಗುರುತು ಕಂಡ ಸದ್ದನ್ನು ಆ ದೇಶದ ಕಿವಿಗೂಟಗಳು ತಾವಾಗಿಯೇ ಕಳೆದು, ಉಳಿದದ್ದನ್ನಷ್ಟೇ ಮೀನೆಂದು ಎಣಿಸುತ್ತಿದ್ದವು. ನಮ್ಮ ಗುರುತು ನಮಗೆ ಗೊತ್ತು, ಅವರದು ಅವರಿಗೆ. ಗುರುತನ್ನು ಹಂಚಿಕೊಳ್ಳುವ ಮಾತು ಬಂದಾಗ ಎರಡೂ ಕಡೆಯವರು ಭದ್ರತೆಯ ಕಾರಣ ಕೊಟ್ಟು ಹಿಂದೆ ಸರಿದಿದ್ದರು.

ಹಾಗಾಗಿ ಪಡುವಣದ ದಣಿಯದ ಸದ್ದು ದ್ವೀಪದವರ ಕರೆಬುರುಡೆಯದಾಗಿದ್ದರೆ, ಅದು ಅವನ ಗಣಕಕ್ಕೆ ಮೀನಿನ ಹಾಗೆಯೇ ಕೇಳುತ್ತದೆ. ಅವರಿಗೆ ನಮ್ಮದು ಕೇಳುವ ಹಾಗೆ.

ಅವನು ದೂರು ಕೊಡಬಹುದಿತ್ತು. ದೂರು ಕೊಟ್ಟರೆ ಎರಡೂ ಕಡೆಯ ಬುರುಡೆಗಳನ್ನು ಮೇಲೆತ್ತಿ ನೋಡುತ್ತಿದ್ದರು.

*

ಬುರುಡೆ ಆರದೆ ಉಳಿದದ್ದು ಹೇಗೆಂದು ದಿನಕರ ತನಗೆ ತಾನೇ ಹಲವು ಸಲ ಹೇಳಿಕೊಂಡಿದ್ದ. ಯಾರೂ ಆಜ್ಞೆ ಮಾಡಿರಲಿಲ್ಲ. ಮಂಗಳೂರಿನ ಹೋಟೆಲಿನಲ್ಲಿ ಮಾತುಕತೆ ನಡೆದಿತ್ತು. ನಮ್ಮ ನಿಯೋಗದ ಮುಖ್ಯಸ್ಥರು ಬಿಂದುಮಾಧವ ಇನಾಂದಾರ್. ಬಿಜಾಪುರದ ಕಡೆಯವರು, ತಮಾಷೆಯ ಮನುಷ್ಯ. ಊಟದ ಬಿಡುವಿನಲ್ಲಿ ದಿನಕರನನ್ನು ವರಾಂಡಕ್ಕೆ ಕರೆದುಕೊಂಡು ಹೋಗಿ ಕಡಲಿನತ್ತ ನೋಡುತ್ತ ನಿಂತರು.

“ನೋಡ್ರಿ ದಿನಕರ, ನಾ ಸಮುದ್ರ ನೋಡಿದ್ದ ಮದಿವ್ಯಾದ ಮ್ಯಾಲ. ಮೀನ ಮುಟ್ಟಂಗಿಲ್ಲ, ವಾಸನಿ ಬಂದ್ರ ತಲಿ ಹಿಡೀತದ. ಅಂಥಾವನ್ನ ತಂದು ಮೀನಿನ ಸಲುವಾಗಿ ಬಡಿದಾಡಂತ ಕೂಡಿಸ್ಯಾರ.”

ದಿನಕರ ನಕ್ಕ.

“ನಗಬ್ಯಾಡ್ರಿ. ನಮ್ಮ ಪಾಲು ಅರ್ಧ ದಾಟಲಿಲ್ಲ ಅಂದ್ರ ಮೊದಲ ಯಾರ ಹೊಟ್ಟಿಗೆ ಬೀಳತದ ಗೊತ್ತದ ಏನು?”

ಗೊತ್ತಿತ್ತು. ಪಾಲು ಅರ್ಧಕ್ಕಿಂತ ಕೆಳಗಿಳಿದರೆ ದಡದಿಂದ ಎಳೆಯುವ ಬಲೆಗಳನ್ನು ಮೊದಲು ನಿಲ್ಲಿಸುತ್ತಾರೆ. ದೊಡ್ಡ ದೋಣಿಗಳಲ್ಲಿ ಮೀಟರು ಇದೆ, ಹಿಡಿದದ್ದು ತಾನಾಗಿ ಲೆಕ್ಕಕ್ಕೆ ಬರುತ್ತದೆ. ದಡದಿಂದ ಕೈಯಲ್ಲೇ ಎಳೆಯುವ ಕೈರಂಪಣಿ ಬಲೆಗೆ ಮೀಟರು ಇಲ್ಲ. ಹಿಂದಿನ ವರ್ಷ ಪಡುಕೋಡಿಯ ರಂಪಣಿ ಬಲೆ ಇಡೀ ಋತು ಚಪ್ಪರದಡಿ ಸುತ್ತಿಟ್ಟಲ್ಲೇ ಇತ್ತು. ಆ ಬಲೆಯ ತಂಡ ನಡೆಸುವವನು ದಿನಕರನ ಭಾವ ಗೋಪಾಲ. ಅದರ ಮೀನು ಒಣಗಿಸಿ ಮಾರುವವಳು ಅಕ್ಕ ಶಕುಂತಲೆ. ಇನ್ನೊಂದು ವರ್ಷ ಬಲೆ ಹಾಗೇ ಬಿದ್ದರೆ ತಂಡ ಒಡೆಯುತ್ತಿತ್ತು. ಗಂಡಸರು ದೂರದ ಬಂದರುಗಳಿಗೆ ದೊಡ್ಡ ದೋಣಿಗಳ ಕೂಲಿಗೆ ಹೋಗುತ್ತಿದ್ದರು. ತಂಡ ಒಮ್ಮೆ ಒಡೆದರೆ ರಂಪಣಿ ಮತ್ತೆ ಕಟ್ಟಲಾಗುವುದಿಲ್ಲ, ಅದನ್ನು ಎಳೆಯಲು ಒಂದು ಊರೇ ಬೇಕು.

“ಬುರುಡಿ ಆರಸೂ ಕೀಲಿ ನಿಮ್ಮ ಕಡೆನೇ ಅದ, ಹೌದಲ್ಲ?” ಎಂದರು ಇನಾಂದಾರ್.

“ಹೌದು ಸಾರ್.”

“ಆರಸೀರಿ ಏನು ಅಂತ ನಾ ಕೇಳೂದಿಲ್ಲ. ಕೇಳಿದ್ರ ಉತ್ತರಾ ಬರಕೋಬೇಕಾಗತದ.”

ಅಷ್ಟೇ ಮಾತು. ದಿನಕರ ಗುಡ್ಡದ ಕಚೇರಿಗೆ ವಾಪಸು ಬಂದಾಗ ಬುರುಡೆ ನುಡಿಯುತ್ತಲೇ ಇತ್ತು. ಎಣಿಕೆ ಶುರುವಾಗುವ ಮುಂಚೆ ದಡದ ಹತ್ತಿರ ಸತ್ತ ನೀರು ಕಂಡು ಅದನ್ನು ಹಚ್ಚಿದ್ದೇ ಅವನು. ಆರಿಸಲು ಒಂದು ಗುಂಡಿ ಒತ್ತಿದರೆ ಸಾಕಿತ್ತು. ನಾಳೆ ಆರಿಸುತ್ತೇನೆ ಎಂದುಕೊಂಡ. ಮರುದಿನ ಎಣಿಕೆ ಶುರುವಾಯಿತು.

*

ಭಾನುವಾರ ಮಧ್ಯಾಹ್ನ ಅವನು ಅಕ್ಕನ ಮನೆಗೆ ಊಟಕ್ಕೆ ಹೋದ. ಮನೆಯೆಂದರೆ ಮರಳಿನ ಮೇಲೆಯೇ. ಜಗಲಿಯಲ್ಲಿ ಗೋಪಾಲ ಬಲೆಯ ಹರಿದ ಕಣ್ಣು ಹೆಣೆಯುತ್ತಿದ್ದ.

“ಬಂದ್ರಲೆ ಕಿವಿ ಆಫೀಸಿನವ್ರ್,” ಎಂದ ಗೋಪಾಲ ತಲೆಯೆತ್ತದೆ. “ಎಂತ ಕೇಂತ್ ಭಾವ? ಮೀನ್ ನಮ್ ಹೆಸ್ರ್ ಹೇಳ್ತಾ, ಅವ್ರ್ ಹೆಸ್ರ್ ಹೇಳ್ತಾ?”

“ಇನ್ನೂ ಲೆಕ್ಕ ಮುಗಿಲಿಲ್ಲ.”

“ಲೆಕ್ಕ ಬಿಡ್. ನಿಂತಿತ್ತಾ ಇಲ್ಯಾ, ಅಷ್ಟ್ ಹೇಳ್.”

“ನಿಂತಿದೆ. ಗೆರೆಯ ಹತ್ತಿರ.”

ಗೋಪಾಲನ ಕೈ ಹೆಣಿಗೆಯಲ್ಲೇ ನಿಂತಿತು. ಅವನು ಮತ್ತೇನೂ ಕೇಳಲಿಲ್ಲ. ಅದು ಆ ದಡದ ರೂಢಿ. ಹಿಂಡು ಬಂದು ನಿಂತಿತೆಂದು ಗೊತ್ತಾದ ಮೇಲೆ ಯಾರೂ ಬಾಯಿ ಬಿಡಬಾರದು. ದಿನಕರನ ಅಪ್ಪ ಬದುಕಿದ್ದಾಗ ಹಿಂಡು ನೋಡುವ ಕೆಲಸ ಅವರದು. ದಿಣ್ಣೆಯ ಮೇಲೆ ನಿಂತು ನೀರಿನ ಬಣ್ಣ ನೋಡುತ್ತಿದ್ದರು. ನೀರು ಒಂದು ಕಡೆ ಕಪ್ಪಾಗಿ, ಚಲಿಸದೆ ನಿಂತರೆ ಹೆಗಲ ಬೈರಾಸವನ್ನು ತಲೆಯ ಮೇಲೆತ್ತಿ ಹಿಡಿಯುತ್ತಿದ್ದರು. ಆ ಬಟ್ಟೆ ಮೇಲೇರಿದ ಗಳಿಗೆಯಿಂದ ಇಡೀ ದಡಕ್ಕೆ ಮಾತು ಇಲ್ಲ. ಹೆಂಗಸರು ಅಳುವ ಮಗುವನ್ನು ಮನೆಯೊಳಗೆ ಒಯ್ಯುತ್ತಿದ್ದರು. ದೋಣಿ ನೀರಿಗಿಳಿದು ಬಲೆ ಅರ್ಧಚಂದ್ರವಾಗಿ ಸುತ್ತಿ, ಎಳೆದ ಬಲೆ ದಡಕ್ಕೆ ಬರುವ ತನಕ ನೂರಾರು ಜನ ಕಣ್ಣಲ್ಲೇ ಮಾತಾಡುತ್ತಿದ್ದರು. ಮೀನು ಎಷ್ಟಿದೆ ಎಂದು ಬಾಯಲ್ಲಿ ಹೇಳಿದರೆ ಅಷ್ಟೂ ಚದರಿಹೋಗುತ್ತದೆ ಎಂಬ ನಂಬಿಕೆ. ದಿನಕರ ನಡೆಯಲು ಕಲಿಯುವ ಮುಂಚೆಯೇ ಆ ಮೌನ ಕಲಿತಿದ್ದ. ನಿಂತ ಹಿಂಡು ಎಂದರೆ ಒಳ್ಳೆಯದು, ಮಾತಾಡಿದರೆ ಕೆಟ್ಟದ್ದು. ಓದು ಬರಹವೆಲ್ಲ ಇದರ ಮೇಲೆ ಬಂದು ಕೂತದ್ದು.

ಶಕುಂತಲೆ ಗಂಜಿ ಬಡಿಸಿದಳು, ಒಣಮೀನಿನ ಚಟ್ನಿ ಹಾಕಿದಳು. “ಬಂಗ್ಡಿ ಸಾರ್ ಮಾಡುವ ಅಂದ್ರೆ ಪ್ಯಾಟಿಯಗೆ ಬಂಗಾರದ ರೇಟ್ ಅಂಬ್ರ್. ಕಡಲ್ ಮನೆ ಎದ್ರಿಗೆ ಇತ್ತ್, ಮೀನ್ ಐಸ್ ಪೆಟ್ಟಿಗೆಯಗೆ ಬಪ್ಪುದ್.”

“ಈ ವರ್ಷ ಬಲೆ ಇಳಿಯತ್ತೆ ಅಕ್ಕ.”

ಹೇಳಬಾರದಿತ್ತು, ಹೇಳಿಬಿಟ್ಟಿದ್ದ. ಅವಳು ಸೌಟು ಹಿಡಿದೇ ಅವನ ಮುಖ ನೋಡಿದಳು. “ಹೌದಾ? ಹಂಗಾರೆ ನೀ ಎಂತಕ್ಕೆ ಮನೆಗೆ ಹೆಣ ಬಂದಂಗೆ ಕೂಕಂಡಿದ್ದೆ? ಉಣ್.”

ಒಳಗೆ ಒಲೆಯ ಮೇಲೆ ಏನೋ ಚುರುಗುಟ್ಟಿತು. ದಿನಕರನ ಕೈ ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು. ಅದು ಒಗ್ಗರಣೆ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

*

ಎಣಿಕೆ ಮುಗಿಯಲು ಇನ್ನು ಸ್ವಲ್ಪವೇ ಉಳಿದಾಗ ದಿನಕರನಿಗೆ ಪೂರ್ತಿ ಅರ್ಥವಾಯಿತು.

ಪರದೆಯ ಮೇಲೆ ಅವನು ನಮ್ಮ ಬುರುಡೆ ಇರುವ ಜಾಗವನ್ನೂ ಪಡುವಣದ ದಣಿಯದ ಸದ್ದು ಹುಟ್ಟುವ ಜಾಗವನ್ನೂ ಗುರುತು ಹಾಕಿ ನೋಡಿದ. ಎರಡರ ನಡುವೆ, ಹೆಚ್ಚುಕಮ್ಮಿ ಗೆರೆಯ ಮೇಲೆಯೇ, ಮೂರನೆಯದೊಂದು ಸದ್ದು ಇತ್ತು. ಅದು ತಗ್ಗಿದ ಸದ್ದು. ಅದರಲ್ಲಿ ತಪ್ಪುಗಳಿದ್ದವು. ಒಮ್ಮೆ ಏರುತ್ತಿತ್ತು, ಒಮ್ಮೆ ಇಳಿಯುತ್ತಿತ್ತು, ನಡುನಡುವೆ ಬೆದರಿ ನಿಂತುಬಿಡುತ್ತಿತ್ತು. ಅದೇ ನಿಜವಾದ ಹಿಂಡು. ಅದು ಮೇಯುತ್ತಿರಲಿಲ್ಲ. ಎಡದಲ್ಲೊಂದು ಕರೆ, ಬಲದಲ್ಲೊಂದು ಕರೆ. ಯಾವ ಕಡೆ ಹೊರಟರೂ ಬೆನ್ನ ಹಿಂದೆ ಊಟದ ಸದ್ದು. ಹೊರಟದ್ದು ತಿರುಗುತ್ತಿತ್ತು, ತಿರುಗಿದ್ದು ಮತ್ತೆ ತಿರುಗುತ್ತಿತ್ತು. ಹಿಂಡು ನಿಂತಿರಲಿಲ್ಲ. ನಿಂತಲ್ಲೇ ಸುತ್ತುತ್ತಿತ್ತು, ಹಸಿದುಕೊಂಡು.

ಅವನ ಕೈ ಪಕ್ಕದ ಪರದೆಗೆ ಹೋಯಿತು. ಗೆರೆಯ ಕಿವಿಗೂಟಗಳಲ್ಲಿ ನೀರಿನ ಉಸಿರು ಅಳೆಯುವ ಮೀಟರುಗಳೂ ಇದ್ದವು. ತಳದ ಮೀಟರು ಆಗಲೇ ಕೆಂಪಾಗಿತ್ತು. ಅದರ ಮೇಲಿನದು ಅವನು ನೋಡುತ್ತಿದ್ದಂತೆ ಹಳದಿಗೆ ತಿರುಗಿತು. ಸತ್ತ ನೀರು ಏಳುತ್ತಿತ್ತು. ಯಾವ ನೀರಿನಿಂದ ಮೀನನ್ನು ಆಚೆ ಕರೆಯಲು ಬುರುಡೆ ಮಾಡಿದ್ದರೋ ಅದೇ ನೀರಿನ ಮೇಲೆ ಎರಡು ಬುರುಡೆಗಳು ಹಿಂಡನ್ನು ಹಿಡಿದಿಟ್ಟಿದ್ದವು.

ಒಂದನ್ನು ಆರಿಸಿದರೆ ಸಾಕು, ಹಿಂಡು ಇನ್ನೊಂದರ ಕಡೆ ಹೋಗುತ್ತದೆ. ನಮ್ಮದನ್ನು ಆರಿಸಿದರೆ ಆಚೆ ಹೋಗುತ್ತದೆ. ಹೋಗಿ ಬದುಕುತ್ತದೆ. ಉಳಿದ ತಂಗುದಿನವೆಲ್ಲ ಅವರ ಲೆಕ್ಕಕ್ಕೆ ಬೀಳುತ್ತದೆ. ಪಡುಕೋಡಿಯ ಬಲೆ ಚಪ್ಪರದಡಿಯಲ್ಲೇ ಉಳಿಯುತ್ತದೆ.

ಕೀಲಿ ತಿರುಗಿಸಿ ಗುಂಡಿಯ ಮೇಲಿನ ಮುಚ್ಚಳ ಎತ್ತಿದ. ಅಷ್ಟರಲ್ಲಿ ಫೋನು ಬಂತು.

“ನಿಂತದ ಏನ್ರಿ?” ಇನಾಂದಾರರ ದನಿ.

“ನಿಂತಿದೆ ಸಾರ್.”

“ಯಾ ಕಡೆ?”

“ಗೆರೆ ಮೇಲೆ. ತುಸು ನಮ್ಮ ಕಡೆಗೆ.”

“ತುಸು ಸಾಕು. ತುಸುದಾಗ ಸರಕಾರ ಬೀಳತಾವ, ಏಳತಾವ.” ಅವರು ನಕ್ಕರು. ಆಮೇಲೆ ದನಿ ತಗ್ಗಿಸಿದರು. “ಬ್ಯಾರೆ ಏನರೆ ಹೇಳೂದು ಅದ ಏನು?”

ಆ ಪ್ರಶ್ನೆ ಅವರು ನಿಜವಾಗಿಯೇ ಕೇಳಿದ್ದರು. ಹೇಳಿದ್ದರೆ ಏನು ಮಾಡುತ್ತಿದ್ದರೋ, ದಿನಕರನಿಗೆ ಎಂದೂ ತಿಳಿಯಲಿಲ್ಲ. ಕಣ್ಣೆದುರು ಹಿಂಡು ನಿಂತ ಕಪ್ಪು ಗುರುತು ಇತ್ತು. ಯಾರೋ ದಿಣ್ಣೆಯ ಮೇಲೆ ಬಟ್ಟೆ ಎತ್ತಿ ಹಿಡಿದ ಹಾಗಿತ್ತು.

“ಇಲ್ಲ ಸಾರ್,” ಎಂದ.

ಫೋನು ಇಟ್ಟ ಮೇಲೆ ಅವನು ಹೆಡ್‌ಫೋನ್ ಹಾಕಿಕೊಂಡು ಕೂತ. ಗುಂಡಿಯ ಮುಚ್ಚಳ ಎತ್ತಿದ್ದು ಎತ್ತಿದ ಹಾಗೇ ಇತ್ತು. ನಡುವಿನ ಸದ್ದು ಮಧ್ಯಾಹ್ನದವರೆಗೆ ಏರಿತು, ಇಳಿಯಿತು. ಸತ್ತ ನೀರು ತಾಗಿದಾಗ ಒಮ್ಮೆ ವಿಪರೀತ ಏರಿತು. ಅಷ್ಟು ಜೋರಿನ ಸದ್ದನ್ನು ಬಂಗುಡೆಯಿಂದ ಅವನು ಕೇಳಿರಲಿಲ್ಲ. ಬಟ್ಟೆ ಹರಿದ ಹಾಗೆ, ಉದ್ದಕ್ಕೆ. ಅದು ತೆಳುವಾಗುತ್ತ ಹೋಯಿತು. ಆಮೇಲೆ ಒಂದೊಂದೇ ಬಿಡಿ ಸದ್ದು. ಆಮೇಲೆ ಇಲ್ಲ.

ಗಣಕದ ಎಣಿಕೆ ಮಾತ್ರ ಹೆಚ್ಚು ಇಳಿಯಲಿಲ್ಲ. ದ್ವೀಪದವರ ಬುರುಡೆಯನ್ನು ಅದು ಮೀನೆಂದು ಎಣಿಸುತ್ತಿತ್ತು. ಅಲ್ಲಿ ಅವರ ಗಣಕ ನಮ್ಮದನ್ನು ಎಣಿಸುತ್ತಿರಬೇಕು. ಎರಡು ದೇಶಗಳು ಖಾಲಿ ನೀರಿನ ಎರಡು ಬದಿಗೆ ನಿಂತು, ಎಂದೋ ತಿಂದು ಮುಗಿಸಿದ ಮೀನುಗಳ ಬಾಯಿಂದ ಒಂದನ್ನೊಂದು ಊಟಕ್ಕೆ ಕರೆಯುತ್ತಿದ್ದವು.

ಆಗ ಅವನು ಗುಂಡಿ ಒತ್ತಿದ. ಒತ್ತಿದ್ದಕ್ಕೆ ಯಾವ ವ್ಯತ್ಯಾಸವೂ ಕೇಳಿಸಲಿಲ್ಲ.

*

ನಮ್ಮ ಪಾಲು ಅರ್ಧಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಬಂತು. ಸಹಿ ಹಾಕುವ ದಿನ ದ್ವೀಪದೇಶದ ವಿಜ್ಞಾನಿ ಶಫೀಗಾ ದಿನಕರನ ಎದುರು ಕೂತಿದ್ದಳು. ಅವನದೇ ವಯಸ್ಸು, ಅವನದೇ ಕೆಲಸ. ಹಿಂದಿನ ಸಭೆಗಳಲ್ಲಿ ಮಾಡುತ್ತಿದ್ದ ಹಾಗೆ ಚೇಷ್ಟೆ ಮಾಡಲಿಲ್ಲ. ಒಮ್ಮೆ ಮಾತ್ರ, ಅಧಿಕಾರಿಗಳು ಫೋಟೋಕ್ಕೆ ನಿಂತಾಗ, ಹತ್ತಿರ ಬಂದು ಕೇಳಿದಳು:

“ನೀವು ಕೊನೆಯ ದಿನ ಕೇಳಿದಿರಾ?”

“ಕೇಳಿದೆ.”

ಅವಳು ಕಾದಳು. ಅವನು ಫೋಟೋ ತೆಗೆಯುವವನ ಕಡೆ ನೋಡಿದ. ಅವಳು ತಲೆಯಾಡಿಸಿ ತನ್ನ ಜಾಗಕ್ಕೆ ಹೋದಳು.

ಋತು ತೆರೆಯಿತು. ದೊಡ್ಡ ದೋಣಿಗಳು ಹೋಗಿ ಖಾಲಿ ಬಂದವು, ಮತ್ತೆ ಹೋಗಿ ಖಾಲಿ ಬಂದವು. ಪೇಪರಿನವರು ಒಮ್ಮೆ ಗಾಳಿಯನ್ನು ಬೈದರು, ಒಮ್ಮೆ ದ್ವೀಪದವರನ್ನು ಬೈದರು. ಪಡುಕೋಡಿಯಲ್ಲಿ ದಿಣ್ಣೆಯ ಮೇಲಿನ ಬಟ್ಟೆ ಮೇಲೇರಲೇ ಇಲ್ಲ. ಕಾದು ಕಾದು ಒಂದು ಬೆಳಿಗ್ಗೆ ಗೋಪಾಲ, “ಕಂಡ್ರೂ ಕಾಣ್ದಿದ್ರೂ ಒಂದ್ಸಲ ಬಲೆ ನೀರ್ ಕಾಣ್ಲಿ” ಎಂದು ದೋಣಿ ಇಳಿಸಿದ. ಆ ದಿನ ದಿನಕರನೂ ದಡದಲ್ಲಿದ್ದ.

ರಂಪಣಿಯಲ್ಲಿ ಹಗ್ಗ ಮುಟ್ಟಿದವರಿಗೆಲ್ಲ ಪಾಲು. ಅದಕ್ಕೆ ಊರಿಗೆ ಊರೇ ಬಂದಿತ್ತು. ಮುದುಕಿಯರೂ ಬಂದು ಹಗ್ಗಕ್ಕೆ ಕೈ ತಾಗಿಸಿದರು. ಎಂದಿನ ಮೌನದಲ್ಲೇ ಎಳೆದರು. ಬಲೆಯ ಹೊಟ್ಟೆ ಮರಳಿಗೆ ಬಂದಾಗ ಅದರಲ್ಲಿ ಜೆಲ್ಲಿಮೀನು, ಹಸಿರು ಪಾಚಿ, ಒಂದು ಹರಿದ ರೇನ್‌ಕೋಟು. ಬಲೆ ದಡಕ್ಕೆ ಬಂದ ಮೇಲೆ ಮೌನ ಮುರಿಯಬೇಕು, ಎಲ್ಲರೂ ಒಮ್ಮೆಗೇ ಗದ್ದಲ ಮಾಡಬೇಕು. ಯಾರೂ ಮಾಡಲಿಲ್ಲ. ಹಗ್ಗ ಹಿಡಿದವರು ಹಿಡಿದುಕೊಂಡೇ ನಿಂತರು.

ಕೊನೆಗೆ ಶಕುಂತಲೆಯೇ ಬುಟ್ಟಿ ಕೆಳಗಿಟ್ಟು, “ಕಾಗ್ದದಂಗೆ ನಮ್ ಪಾಲ್ ಜಾಸ್ತಿ ಇತ್ತಂಬ್ರ್. ಹಂಚಿನಿ, ನಂಗೆ ಆ ರೇನ್‌ಕೋಟ್ ಆತ್ತ್” ಎಂದಳು. ನಾಲ್ಕು ಜನ ನಕ್ಕರು. ಗೋಪಾಲ ನಗಲಿಲ್ಲ. ಅವನು ಬಲೆಯ ಹೊಟ್ಟೆಯೊಳಗೆ ತಲೆ ಹಾಕಿ, ಅಲ್ಲೇ ಏನೋ ಸಿಕ್ಕಿಕೊಂಡಿದೆ ಎಂಬಂತೆ ಬಹಳ ಹೊತ್ತು ಹುಡುಕುತ್ತಿದ್ದ.

ತಂಡ ಆ ವರ್ಷವೇ ಒಡೆಯಿತು.

ದಿನಕರನಿಗೆ ಆಮೇಲೆ ಸದ್ದು ಬಿಡಲಿಲ್ಲ. ಸ್ನಾನದ ನೀರು ಬೀಳುವಾಗ ಕೇಳುತ್ತಿತ್ತು. ಬಸ್ಸಿನ ಟಯರು ಒದ್ದೆ ರಸ್ತೆಯಲ್ಲಿ ಉರುಳುವಾಗ ಕೇಳುತ್ತಿತ್ತು. ಆದರೆ ಅದು ಸಾಯುವ ಹಿಂಡಿನ ಸದ್ದಾಗಿರಲಿಲ್ಲ. ಕರೆಯ ಸದ್ದು ಅದು. ಬಾ, ಇಲ್ಲಿ ಇದೆ, ಬಾ.

*

ಮರುವರ್ಷದ ಮಾತುಕತೆಯ ಮೊದಲ ದಿನ ಶಫೀಗಾ ಎದ್ದು ನಿಂತು, ತನ್ನ ಸರಕಾರದ ಪ್ರತಿನಿಧಿ ತಡೆಯುವ ಮುಂಚೆಯೇ, ಎಣಿಕೆಯ ಕಾಲದಲ್ಲಿ ತಮ್ಮ ಕರೆಬುರುಡೆ ಆರಿರಲಿಲ್ಲವೆಂದು ಹೇಳಿಬಿಟ್ಟಳು. ಬುರುಡೆಯ ಗುರುತನ್ನೂ ಮೇಜಿನ ಮೇಲಿಟ್ಟಳು. ನಮ್ಮ ಗಣಕಕ್ಕೆ ಆ ಗುರುತು ಕೊಟ್ಟು ಹಳೆಯ ಧ್ವನಿಗಳನ್ನು ಮತ್ತೆ ಎಣಿಸಿದಾಗ ಪಡುವಣದ ಹಿಂಡು ಇಡಿಯಾಗಿ ಮಾಯವಾಯಿತು.

ಅವಳ ಕೆಲಸ ಹೋಯಿತು. ಅವರ ಮಂತ್ರಿಯ ಕುರ್ಚಿ ಹೋಯಿತು. ಮುಂದಿನ ಬಹಳ ವರ್ಷಗಳಿಗೆ ದ್ವೀಪದವರ ಪಾಲನ್ನು ಕಡಿದು ಕಾಲುಭಾಗಕ್ಕೆ ಇಳಿಸಿದರು. ಕಡಲಿನಲ್ಲಿ ಮೀನು ಮತ್ತೆ ಹುಟ್ಟಿದರೆ ಅದು ಹೆಚ್ಚುಕಮ್ಮಿ ನಮ್ಮದೇ. ನಮ್ಮ ಗುರುತನ್ನು ಕೊಡಿ ಎಂದು ಅವರು ಕೇಳಲಿಲ್ಲ. ಕೇಳುವ ಮುಖ ಅವರಿಗೆ ಉಳಿದಿರಲಿಲ್ಲ.

ಇನಾಂದಾರ್ ಆ ಸಂಜೆ ದಿನಕರನ ಭುಜದ ಮೇಲೆ ಕೈಯಿಟ್ಟರು. “ಆ ಹೆಣ್ಮಗಳು ಭಾಳ ದೊಡ್ಡ ಮನಸಿನಾಕಿ,” ಎಂದರು. ಅವರ ಕೈ ಭಾರವಾಗಿತ್ತು. ಆಮೇಲೆ ಕೈ ತೆಗೆದುಕೊಂಡು ಹೋದರು.

ಊರಿಗೆ ಹಿಂದಿರುಗುವ ಮೊದಲು ಪಡುಕೋಡಿ ನೋಡಬೇಕೆಂದು ಶಫೀಗಾ ಕೇಳಿದಳು. “ನಿಮ್ಮ ಅಕ್ಕನ ಮನೆ ಅಲ್ಲೇ ಅಲ್ಲವೆ? ನಾನು ಅವರಿಗೆ ಒಂದು ಮಾತು ಹೇಳಬೇಕು. ಸರಕಾರಕ್ಕೆ ಹೇಳಿದ್ದು ಬೇರೆ.” ಬೇಡವೆನ್ನಲು ದಿನಕರನಿಗೆ ಕಾರಣ ಸಿಗಲಿಲ್ಲ.

ಗೋಪಾಲ ಮನೆಯಲ್ಲಿರಲಿಲ್ಲ. ರತ್ನಗಿರಿಯ ಕಡೆ ಯಾರದೋ ದೋಣಿಯಲ್ಲಿ ಕೂಲಿಗೆ ಹೋಗಿದ್ದ. ಚಪ್ಪರದಡಿ ಬಲೆಯೂ ಇರಲಿಲ್ಲ, ಯಾರೋ ತೋಟಕ್ಕೆ ಬೇಲಿ ಮಾಡಲು ಕೊಂಡುಹೋಗಿದ್ದರು. ಶಕುಂತಲೆ ಜಗಲಿಯಲ್ಲಿ ಚಾಪೆ ಹಾಸಿ, “ಕೂಕಣಿ ಅಮ್ಮ, ಕೂಕಣಿ” ಎಂದು ಶಫೀಗಾಳ ಕೈ ಹಿಡಿದು ಕೂರಿಸಿದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಶಫೀಗಾಳ ಇಂಗ್ಲಿಷನ್ನು ಅಕ್ಕನಿಗೆ ದಾಟಿಸಲು ದಿನಕರ ನಡುವೆ ಕೂತ.

“ನಿಮ್ಮ ಬಲೆ ಹೋದದ್ದು ನನ್ನಿಂದ,” ಎಂದಳು ಶಫೀಗಾ. “ನಮ್ಮ ದ್ವೀಪದಲ್ಲಿ ಮೀನುಗಾರಿಕೆ ಬಿಟ್ಟರೆ ಬೇರೇನೂ ಇಲ್ಲ. ನನ್ನ ತಮ್ಮಂದಿರು ಗಾಳ ಹಾಕಿ ಹಿಡಿಯುವವರು. ಅವರಿಗೋಸ್ಕರ ಬುರುಡೆ ಹಚ್ಚಿಟ್ಟೆ. ಮೀನು ಸಾಯುತ್ತದೆಂದು ಗೊತ್ತಾದಾಗ ಆರಿಸಬಹುದಿತ್ತು. ಆರಿಸಲಿಲ್ಲ. ಇದನ್ನು ಅವರಿಗೆ ಹೇಳಿ.”

ದಿನಕರ ಹೇಳಿದ. ಅವಳ ಮಾತಿನಲ್ಲಿ ಒಂದನ್ನೂ ಬಿಡಲಿಲ್ಲ. ನನ್ನಿಂದ, ಆರಿಸಲಿಲ್ಲ ಎಂಬ ಮಾತುಗಳನ್ನು ತನ್ನ ಬಾಯಲ್ಲಿ ಆಡುವಾಗ ಅವನ ದನಿ ನಡುಗಲೂ ಇಲ್ಲ. ಅನುವಾದಿಸುವವನಿಗೆ ಅಷ್ಟು ಅನುಕೂಲವಿದೆ.

ಶಕುಂತಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೇಳಿಸಿಕೊಂಡಳು.  ಆಮೇಲೆ ಒಳಗೆ ಹೋಗಿ ಒಂದು ಲೋಟ ಬೆಲ್ಲದ ಕಾಫಿ ತಂದು ಶಫೀಗಾಳ ಮುಂದಿಟ್ಟಳು.

“ಅವ್ಳಿಗೆ ಹೇಳ್,” ಎಂದಳು. “ಸಿಟ್ ಬಂದಿತ್ತ್. ಇಲ್ಲ ಅಂಬುದಿಲ್ಲ. ಆರೆ ಅಷ್ಟ್ ದೂರದಿಂದ ಬಂದ್ ನನ್ ಜಗಲಿಯಗೆ ಕೂಕಂಡ್ ಹೇಳುಕೆ ಎಷ್ಟ್ ಜನಕ್ಕೆ ಬಾಯ್ ಬತ್ತ್? ನನ್ ತಮ್ಮ ಇವ್ನೇ ಕಾಣ್, ಮೀನ್ ಹೋಯಿತ್ತಂದೇಳಿ ಗೊತ್ತಿದ್ರೂ ನನ್ ಮುಖ ಕಂಡ್ ಹೇಳುಕೆ ಆಗ್ದೆ ಒಳಗೇ ಇಟ್ಕಂಡ. ಅವ ಯಾರದ್ದ್ ತಪ್ಪಂದ್ ಹೇಳಿ ನಿನ್ ಮರ್ಯಾದಿ ಕಳುದ್ ಬ್ಯಾಡ ಅಂದ್ ಸುಮ್ನಿದ್ದನೋ ಎಂತದೋ.”

ದಿನಕರ ಅದನ್ನೂ ದಾಟಿಸಿದ.

ಶಫೀಗಾ ಅವನ ಕಡೆ ತಿರುಗಿದಳು. ಕಣ್ಣು ತುಂಬಿ ಬಂದಿತ್ತು. “ನನಗೂ ಹಾಗೇ ಅನಿಸಿತ್ತು. ನೀವು ನಮ್ಮ ಬುರುಡೆ ಕೇಳಿಸಿಕೊಂಡಿರಿ, ಕೇಳಿಯೂ ಸುಮ್ಮನಿದ್ದಿರಿ. ನಾನೇ ಎದ್ದು ಹೇಳಲಿ ಎಂದು ಒಂದು ವರ್ಷ ಕಾದಿರಿ.” ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ಒಂದು ವಿಷಯ ಹೇಳುತ್ತೇನೆ, ನಗಬೇಡಿ. ನಿಮ್ಮ ಕಡೆಯಿಂದಲೂ ಒಂದು ಸದ್ದು ಬರುತ್ತಿತ್ತು. ಅದೂ ದಣಿಯುತ್ತಿರಲಿಲ್ಲ. ಎಷ್ಟೋ ದಿನ ಅದನ್ನೇ ಹಾಕಿಕೊಂಡು ಕೇಳಿದೆ. ಕಳ್ಳನಿಗೆ ಊರೆಲ್ಲ ಕಳ್ಳರ ಹಾಗೆ ಕಾಣುತ್ತಾರಲ್ಲ, ಹಾಗೆ ನನ್ನ ತಪ್ಪಿಗೆ ಒಬ್ಬ ಜೊತೆಗಾರನನ್ನು ಹುಡುಕುತ್ತಿದ್ದೇನೆ ಅನ್ನಿಸಿ ನಾಚಿಕೆಯಾಯಿತು. ಆ ಧ್ವನಿಯನ್ನು ಅಳಿಸಿಬಿಟ್ಟೆ. ಅದು ಮೀನೇ ಇರಬೇಕು, ಅಲ್ಲವೆ?”

“ಎಂತ ಹೇಳ್ತ್ಲ್?” ಎಂದಳು ಶಕುಂತಲೆ.

ದಿನಕರ ಅಕ್ಕನನ್ನು ನೋಡಿದ. ಶಫೀಗಾಳನ್ನು ನೋಡಿದ. ಇಬ್ಬರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಎದುರಿಗೆ ಕಡಲು ದಡದವರೆಗೂ ಒಂದೇ ಬಣ್ಣಕ್ಕಿತ್ತು, ಎಲ್ಲಿಯೂ ಕಪ್ಪಾಗಿರಲಿಲ್ಲ.

“ಕಾಫಿ ಚೆನ್ನಾಗಿದೆಯಂತೆ,” ಎಂದ ಅಕ್ಕನಿಗೆ.

ಶಫೀಗಾ ಸಂಜೆಯ ರೈಲಿಗೆ ಹೋದಳು. ಅಕ್ಕ ಅವಳಿಗೆ ಉಳಿದಿದ್ದ ಒಣಮೀನನ್ನು ಕಟ್ಟಿ ಕೊಟ್ಟಳು. ಆಮೇಲೆಯೂ ಇಬ್ಬರೂ ಬಹಳ ವರ್ಷ ಬದುಕಿದ್ದರು. ಹಬ್ಬಕ್ಕೆ ಅವನ ಮೂಲಕವೇ ಒಬ್ಬರನ್ನೊಬ್ಬರು ವಿಚಾರಿಸುತ್ತಿದ್ದರು. ಗೆರೆಯ ಈಚೆಯಿಂದ ಕರೆಯುತ್ತಿದ್ದದ್ದೂ ಬುರುಡೆಯೇ, ಅದನ್ನು ಆರಿಸದೆ ಬಿಟ್ಟವನು ತಾನು ಎಂದು ದಿನಕರ ಅವರಿಬ್ಬರಿಗೂ ಎಂದೂ ಹೇಳಲಿಲ್ಲ.